ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ ನಾಲ್ಕು ಗಂಟೆ ಇರಲಿ

ಮಾನ್ಯ ಸಂಪಾದಕರೇ,

ಔಷಧಿ ಅಂಗಡಿಯಲ್ಲಿ ಫಾರ್ಮಾಸಿಸ್ಟ್ ಆಗಿರುವ ನನ್ನ ಕೈಗೆ ಪದೇಪದೇ ಬರುವ ಚೀಟಿಗಳಿವು: ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) 1-0-0, ಕಬ್ಬಿಣಾಂಶದ ಮಾತ್ರೆ 1-0-0, ಕ್ಯಾಲ್ಸಿಯಂ 1-0-0. ಮೊದಲನೆಯದನ್ನು ಫಿಜಿಷಿಯನ್, ಎರಡನೆಯದನ್ನು ಹೆರಿಗೆ ತಜ್ಞರು, ಮೂರನೆಯದನ್ನು ಮೂಳೆ ಡಾಕ್ಟರು ಬರೆದಿರುತ್ತಾರೆ. ಮೂರೂ ಬೆಳಿಗ್ಗೆಯವೇ ಆದ್ದರಿಂದ ರೋಗಿಗಳು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಮೇಲೊಂದು ಲೋಟ ಕಾಫಿ ಕುಡಿಯುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕೆಂಬುದು ಈಗ ಬಹುತೇಕರಿಗೆ ತಿಳಿದಿದೆ. ಉಳಿದ ಮಾತ್ರೆಗಳನ್ನು ಅದರಿಂದ ದೂರವಿಡಬೇಕೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ.

ಕ್ಯಾಲ್ಸಿಯಂ ಮತ್ತು ಕಬ್ಬಿಣ ಎರಡೂ ಜೀರ್ಣಾಂಗದಲ್ಲಿ ಥೈರಾಕ್ಸಿನ್ ಜೊತೆ ಕೂಡಿಕೊಂಡು, ಅದು ಪೂರ್ತಿಯಾಗಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಆದ್ದರಿಂದ ನಡುವೆ ಕನಿಷ್ಠ 4 ಗಂಟೆಗಳ ಅಂತರ ಬೇಕು. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಅಸಿಡಿಟಿ ಔಷಧಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಫಿಯೂ ಮಾತ್ರೆಯ ಹೀರಿಕೆಯನ್ನು ತಗ್ಗಿಸುವುದರಿಂದ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯುವುದು ಒಳ್ಳೆಯದು.

ಅಂತರ ಇಡದಿದ್ದರೆ ಆಗುವ ತೊಂದರೆ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಟಿಎಸ್ಎಚ್ ಏರಿದ ವರದಿ ನೋಡಿದ ವೈದ್ಯರು, ಮಾತ್ರೆ ಸಾಲುತ್ತಿಲ್ಲವೆಂದು ಭಾವಿಸಿ 50 ಮೈಕ್ರೋಗ್ರಾಂ ಇದ್ದದ್ದನ್ನು 75ಕ್ಕೋ 100ಕ್ಕೋ ಏರಿಸುತ್ತಾರೆ. ಮುಂದೊಂದು ದಿನ ಕ್ಯಾಲ್ಸಿಯಂ ಮುಗಿದು, ರೋಗಿ ಅದನ್ನು ಮತ್ತೆ ಕೊಳ್ಳದೆ ಬಿಟ್ಟರೆ, ಏರಿಸಿದ ಪ್ರಮಾಣವೆಲ್ಲ ರಕ್ತಕ್ಕೆ ಸೇರತೊಡಗಿ ಎದೆಬಡಿತ, ನಡುಕ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಥೈರಾಕ್ಸಿನ್ ಹೀಗೆ ಹೆಚ್ಚಾದ ಸ್ಥಿತಿ ಬಹುಕಾಲ ಮುಂದುವರಿದರೆ ವಯಸ್ಸಾದ ಮಹಿಳೆಯರ ಮೂಳೆಯೇ ಸವೆಯುತ್ತದೆ. ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ತೆಗೆದುಕೊಂಡವರಿಗೇ ಈ ಗತಿ ಬರುವುದು ನನಗೆ ಬಹಳ ಸಂಕಟದ ವಿಷಯ.

ಚೀಟಿಯೇ ಇಲ್ಲದೆ ಕೊಳ್ಳುವ ಮಲ್ಟಿವಿಟಮಿನ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಿಟಮಿನ್ ಡಿ, ಬಿ12 ಮಾತ್ರವೇ ಇರುವ ಮಾತ್ರೆಗಳಿಂದ ಇಂಥ ಅಡ್ಡಿಯಿಲ್ಲ. ಆದರೆ ಡಿ3 ಹೆಸರಿನಲ್ಲಿ ಮಾರಾಟವಾಗುವ ಅನೇಕ ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಸೇರಿರುತ್ತದೆ, ಅದನ್ನು ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ ಓದಬೇಕು. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಮಾತ್ರೆಯದು ಬೇರೆಯೇ ತೊಡಕು. ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕಾಗುವಲ್ಲಿ ಇವುಗಳಲ್ಲಿ 5,000 ಅಥವಾ 10,000 ಮೈಕ್ರೋಗ್ರಾಂ ಇರುತ್ತದೆ. ಇದು ಥೈರಾಯ್ಡ್ ಮಾತ್ರೆಯ ಹೀರಿಕೆಗೆ ಅಡ್ಡಿಯಾಗದಿದ್ದರೂ ಪ್ರಯೋಗಾಲಯದ ಕೆಲವು ಪರೀಕ್ಷಾ ವಿಧಾನಗಳನ್ನೇ ದಾರಿ ತಪ್ಪಿಸಿ, ಟಿಎಸ್ಎಚ್ ಇರುವುದಕ್ಕಿಂತ ಕಡಿಮೆಯೆಂದೂ ಟಿ4 (ರಕ್ತದಲ್ಲಿನ ಥೈರಾಕ್ಸಿನ್) ಹೆಚ್ಚೆಂದೂ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಿ, ವೈದ್ಯರಿಗೂ ಲ್ಯಾಬ್‌ನವರಿಗೂ ತಿಳಿಸಬೇಕು. ‘ಥೈರಾಯ್ಡ್‌ಗೆ ಒಳ್ಳೆಯದು’ ಎಂದು ಮಾರುವ ಅಯೋಡಿನ್, ಕಡಲಪಾಚಿ ಮಾತ್ರೆಗಳನ್ನಂತೂ ವೈದ್ಯರು ಹೇಳದೆ ಮುಟ್ಟಬಾರದು. ನಮ್ಮ ಅಡುಗೆಯ ಉಪ್ಪಿನಲ್ಲೇ ಅಯೋಡಿನ್ ಇದೆ, ಅದು ಅತಿಯಾದರೂ ಗ್ರಂಥಿಗೆ ಹಾನಿಯೇ.

ಗರ್ಭಿಣಿಯರ ವಿಷಯದಲ್ಲಿ ಸರ್ಕಾರವೇ ಮುಂದಾಗಬೇಕೆಂಬುದು ನನ್ನ ಕೋರಿಕೆ. ಸರ್ಕಾರಿ ಕಾರ್ಯಕ್ರಮದಲ್ಲಿ ಅವರಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ ಒಂದು, 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಎರಡು ಸಿಗುತ್ತವೆ. ಇವು ಅತ್ಯಗತ್ಯ, ಥೈರಾಯ್ಡ್ ಇದೆಯೆಂದು ಯಾರೂ ಬಿಡಬಾರದು. ಆದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿನ ಬೆಳವಣಿಗೆ ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ಅವಲಂಬಿಸಿರುವುದರಿಂದ ಸಮಯದ ಪಾಲನೆಯೂ ಅಷ್ಟೇ ಅಗತ್ಯ. ಬೆಳಿಗ್ಗೆ ಆರಕ್ಕೆ ಥೈರಾಕ್ಸಿನ್, ಮಧ್ಯಾಹ್ನದ ಊಟದ ಜೊತೆ ಒಂದು ಕ್ಯಾಲ್ಸಿಯಂ, ಸಂಜೆ ಚಹಾ ಇಲ್ಲದೆ ಕಬ್ಬಿಣ, ರಾತ್ರಿ ಊಟದ ಜೊತೆ ಇನ್ನೊಂದು ಕ್ಯಾಲ್ಸಿಯಂ ಎಂದು ಹೊಂದಿಸಿಕೊಂಡರೆ ಯಾವುದೂ ತಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯರು ಮಾತ್ರೆ ಕೊಡುವಾಗ ‘ಥೈರಾಯ್ಡ್ ಮಾತ್ರೆ ತಗೋತಿದ್ದೀರಾ ಅಕ್ಕ?’ ಎಂದು ಕೇಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ, ತಾಯಿ ಕಾರ್ಡಿನಲ್ಲಿ ಈ ವೇಳಾಪಟ್ಟಿಗೂ ಒಂದಿಷ್ಟು ಜಾಗ ಕೊಡಲಿ. ವೈದ್ಯರು 1-0-0 ಎಂದಷ್ಟೇ ಬರೆಯದೆ ಗಂಟೆಯನ್ನೂ ನಮೂದಿಸಲಿ. ಅವರು ಮರೆತಲ್ಲಿ ಮಾತ್ರೆಯ ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡುವುದು ನಮ್ಮಂಥ ಔಷಧಿ ಅಂಗಡಿಯವರ ಹೊಣೆ.

– ಓರ್ವ ಫಾರ್ಮಾಸಿಸ್ಟ್, ಹಾಸನ