ಗೆಳೆಯನಿಗೊಂದು ಪತ್ರ: ಬಿಳಿ ಕುದುರೆ ಇರಲಿಲ್ಲ

ದೋಸ್ತ,

ಛತ್ರಿ ವಿಷಯ ಆಮೇಲೆ. ಹೋದ ಭಾನುವಾರ ಮಗಳನ್ನು ಕರೆದುಕೊಂಡು ಮಸ್ಕಿಗೆ ಹೋಗಿದ್ದೆ. ಕೊಪ್ಪಳದಲ್ಲೇ ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡಿನಲ್ಲಿ ಒಂದು ಅಶೋಕನ ಶಾಸನ ಇರುವಾಗ ಅಷ್ಟು ದೂರ ಯಾಕೆ ಅಂತ ಕೇಳಬೇಡ. ಮಸ್ಕಿಯ ಬಂಡೆಯಲ್ಲಿ ಆತನ ಹೆಸರಿದೆ.

ಅಕ್ಷರ ಸವೆದಿವೆ. ಆದರೂ ಶುರುವಿನಲ್ಲೇ ‘ದೇವಾನಂಪಿಯಸ ಅಸೋಕಸ’ ಅಂತಿದೆ, ಅಂದರೆ ದೇವರಿಗೆ ಪ್ರಿಯನಾದ ಅಶೋಕನ. ಪುರಾಣದ ರಾಜರ ಪಟ್ಟಿಯಲ್ಲಿ, ಬೌದ್ಧರ ಕಥೆಗಳಲ್ಲಿ ಅಶೋಕ ಮೊದಲಿನಿಂದಲೂ ಇದ್ದ. ಬಂಡೆಗಳ ಮೇಲೆ ಪಿಯದಸಿ ಅನ್ನುವ ರಾಜ ಇದ್ದ. ಇಬ್ಬರೂ ಒಬ್ಬನೇ ಅಂತ 1837ರ ಹೊತ್ತಿಗೆ ಶ್ರೀಲಂಕಾದ ಹಳೆಯ ಗ್ರಂಥ ನೋಡಿ ವಿದ್ವಾಂಸರು ಹೇಳಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಮಸ್ಕಿ ಶಾಸನ ಬಿತ್ತು. ಆಗ ಕಲ್ಲೇ ಬಾಯಿ ಬಿಟ್ಟಿತು.

ಆದರೆ ಹೆಸರಿಗಿಂತ ಜಾಸ್ತಿ ನನಗೆ ನಂಬಿಕೆ ಬಂದದ್ದು ಬೇರೊಂದು ಮಾತಿನಿಂದ. ಇದೇ ಶಾಸನವನ್ನು ಬೇರೆ ಕಡೆಯೂ ಕೆತ್ತಿಸಿದ್ದಾನೆ; ಅದರ ಬ್ರಹ್ಮಗಿರಿ ಪ್ರತಿಯಲ್ಲಿ ಆತ ಹೇಳುತ್ತಾನೆ: ಉಪಾಸಕನಾಗಿ (ಅಂದರೆ ಬುದ್ಧನ ದಾರಿ ಹಿಡಿದ ಗೃಹಸ್ಥನಾಗಿ) ಎರಡೂವರೆ ವರ್ಷದ ಮೇಲಾಯಿತು, ಒಂದು ವರ್ಷ ಮಾತ್ರ ನಾನು ಅಷ್ಟಾಗಿ ಶ್ರಮ ಪಡಲಿಲ್ಲ. ಕಥೆ ಕಟ್ಟುವವರಿಗೆ ಇಂಥದ್ದು ಹೊಳೆಯುವುದಿಲ್ಲ. ಅವರು ಆತನ ಕೈಯಿಂದ 99 ಅಣ್ಣತಮ್ಮಂದಿರನ್ನು ಕೊಲ್ಲಿಸಿದರು.

ಮಗಳು ಅಲ್ಲೇ ಕೇಳಿದಳು, “ಅಪ್ಪಾ, ನಮ್ಮಜ್ಜನ ಬಿಳಿ ಕುದುರೆದೂ ಇಂಥ ಕಲ್ಲು ಇದೆಯಾ?”

ಆ ಕಥೆ ನಿನಗೆ ಗೊತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ ಮುಂಡರಗಿ ಭೀಮರಾಯರ ಜೊತೆ ಕೊಪ್ಪಳದ ಕೋಟೆ ಹೊಕ್ಕ ನಮ್ಮ ಮನೆಯ ಹಿರಿಯ. ಬಿಳಿ ಕುದುರೆ, ಎಡಗೈಯಲ್ಲಿ ಕತ್ತಿ. ಹಾಸ್ಟೆಲ್ ಮಾಳಿಗೆ ಮೇಲೆ ಕೂತು ಹೇಳಿದ್ದೆ. ನೀನೂ ಹತ್ತು ಮಂದಿಗೆ ಹೇಳಿದ್ದೀಯ. ದೋಸ್ತ, ಆ ಕುದುರೆ ನಾನು ಸೇರಿಸಿದ್ದು. ಕತ್ತಿಯೂ ನನ್ನದೇ. ಭೀಮರಾಯರ ಹೆಸರನ್ನೂ ನಾನೇ ಜೋಡಿಸಿದೆ. ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: “ಕೋಟಿಗೆ ಹೋದಾಂವ ತಿರುಗಿ ಬರಲಿಲ್ಲ.” ನಿಮ್ಮೆಲ್ಲರ ಮನೆಯಲ್ಲೂ ಹೇಳಿಕೊಳ್ಳಲು ಯಾರೋ ಒಬ್ಬರಿದ್ದರು. ನಮ್ಮ ಮನೆಯಲ್ಲೂ ಇರಲಿ ಅನ್ನಿಸಿತ್ತು. ಈಗ ಮಗಳು ಅದನ್ನು ಶಾಲೆಯ ಪ್ರಬಂಧದಲ್ಲಿ ಬರೆದಿದ್ದಾಳೆ. ನನ್ನ ಸುಳ್ಳಿಗೆ ಲಿಖಿತ ಸಾಕ್ಷಿ ಹುಟ್ಟಿದೆ.

ಹಾಗಾದರೆ ಆತ ಇರಲೇ ಇಲ್ಲವಾ? ಇದ್ದ ಅಂತ ಈಗಲೂ ನಂಬುತ್ತೇನೆ. ಪಕ್ಷದ ಅಮಾವಾಸ್ಯೆಗೆ ಎಡೆ ಇಡುವಾಗ ಅಜ್ಜಿ ಆತನಿಗೂ ಒಂದು ಇಡುತ್ತಿದ್ದಳು. ಎಲ್ಲ ಎಡೆಗೂ ಎಣ್ಣೆಗಾಯಿ ಬಡಿಸಿ, ಅದೊಂದನ್ನು ದಾಟಿ ಹೋಗುತ್ತಿದ್ದಳು. “ಆತಗ ಬದನಿಕಾಯಿ ಸೇರತಿದ್ದಿಲ್ಲ.” ಆಕೆಗೆ ಅದನ್ನು ಹೇಳಿದ್ದು ಆಕೆಯ ಅತ್ತೆ. ಕುದುರೆಯನ್ನು ಯಾರು ಬೇಕಾದರೂ ಕಟ್ಟಬಹುದು, ಅಲ್ವಾ? ಬದನೆಕಾಯಿ ಸೇರದ್ದನ್ನು ಯಾರು ಕಟ್ಟುತ್ತಾರೆ? ಕಟ್ಟಿ ಏನು ಸಿಗುತ್ತದೆ?

ಮಸ್ಕಿಯಲ್ಲಿ ಮಗಳಿಗೆ ಉತ್ತರ ಕೊಡಲಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.

ಸಾಕು, ಇಷ್ಟೆಲ್ಲ ಬರೆಯುವ ಲೆಕ್ಕ ಇರಲಿಲ್ಲ. ಅಮಾವಾಸ್ಯೆಗೆ ಊರಿಗೆ ಬಾ. ಹೋಳಿಗೆ ಇರುತ್ತದೆ, ನಿನ್ನ ಪಾಲಿನ ಎಣ್ಣೆಗಾಯಿಯೂ ಇರುತ್ತದೆ. ಛತ್ರಿ ತಗೊಂಡು ಬಾ.