ಗ್ಯಾಲರಿಯನ್ನು ಖಾಲಿ ಇದ್ದಾಗ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಬಡ್ಡಿ, ತಂಡಕ್ಕೆ ಏಳು ಜನರ ಸೆವೆನ್ಸ್ ಫುಟ್‌ಬಾಲ್ ಶುರು. ಕೊಯ್ಲಾದ ಗದ್ದೆಯಲ್ಲಿ ಅಡಿಕೆ ಮರ, ಪೈಪು, ಹಗ್ಗದ ಗ್ಯಾಲರಿ ಏಳುತ್ತದೆ. ಎಷ್ಟು ಜನ ಕೂರಬಹುದು ಎಂಬ ಲೆಕ್ಕ ಎಲ್ಲರೂ ಕೇಳುತ್ತಾರೆ. ಅವರೆಲ್ಲ ಎದ್ದು ಕುಣಿದರೆ ಏನಾಗುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಯ ಗ್ಯಾಲರಿ ಕುಸಿದು ಸುಮಾರು ನೂರು ಜನ ಗಾಯಗೊಂಡರು. ಮರುವರ್ಷ ಅದೇ ತಿಂಗಳು ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ಫುಟ್‌ಬಾಲ್ ಗ್ಯಾಲರಿ ಬಿತ್ತು. ಅಲ್ಲಿ ಗಾಯಗೊಂಡವರು ಸುಮಾರು 200 ಮಂದಿ. ಇಂಥದ್ದು ಆದಾಗೆಲ್ಲ "ಜನ ಜಾಸ್ತಿಯಾದರು" ಎಂದು ಹೇಳಿ ಸುಮ್ಮನಾಗುತ್ತೇವೆ. ಭಾರ ಒಂದೇ ಕಾರಣವಾ?

ಸುಮ್ನೆ ಕೂತ ಜನ ಗ್ಯಾಲರಿಗೆ ಭಾರ, ನಿಜ. ಆದರೆ ಅವರ ಮೈ ಗ್ಯಾಲರಿಯ ಅಲುಗಾಟವನ್ನು ಸ್ವಲ್ಪ ಹೀರಿಕೊಳ್ಳುತ್ತದೆ ಕೂಡ. ಎದ್ದು ಹಾರಿದರೆ ಕತೆ ಬೇರೆ. ಹಾರಿ ಇಳಿಯುವ ಕ್ಷಣದಲ್ಲಿ ಒಬ್ಬೊಬ್ಬನೂ ತನ್ನ ತೂಕದ ಎರಡು ಮೂರು ಪಟ್ಟು ಬಲದಿಂದ ಹಲಗೆಗೆ ಗುದ್ದುತ್ತಾನೆ. ಹಾಡಿಗೆ ಹಾರುವವರು ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ ಹಾರುತ್ತಾರೆ. ಗ್ಯಾಲರಿ ತಾನಾಗಿ ಓಲಾಡುವ ಲಯವೂ ಅದರ ಹತ್ತಿರ ಇದ್ದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಓಲಾಟ ಏರುತ್ತಲೇ ಹೋಗುತ್ತದೆ.

ಕಾಂಕ್ರೀಟಿಗೂ ಇದರಿಂದ ಪೂರ್ತಿ ಬಿಡುಗಡೆ ಇಲ್ಲ. 2021ರ ಅಕ್ಟೋಬರಿನಲ್ಲಿ ನೆದರ್ಲೆಂಡ್ಸಿನ ನೈಮೇಗನ್ ಕ್ರೀಡಾಂಗಣದಲ್ಲಿ ಗೆದ್ದ ತಂಡದ ಅಭಿಮಾನಿಗಳು ಒಟ್ಟಿಗೆ ಕುಣಿದಾಗ ಸ್ಟ್ಯಾಂಡಿನ ಒಂದು ಭಾಗ ಕೆಳಕ್ಕೆ ಬಾಗಿಹೋಯಿತು. ಅದೃಷ್ಟಕ್ಕೆ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಪಕ್ಕಕ್ಕೆ ಓಲಾಡುವುದು ಇನ್ನೊಂದು ತೊಂದರೆ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆ ಹೀಗೆ ಪಕ್ಕಕ್ಕೆ ಓಲಾಡಿದ್ದರಿಂದ, 2000ದಲ್ಲಿ ತೆರೆದ ಎರಡೇ ದಿನಕ್ಕೆ ಅದನ್ನು ಮುಚ್ಚಬೇಕಾಯಿತು. ಅಲ್ಲಿ ಯಾರೂ ಕುಣಿದಿರಲಿಲ್ಲ, ಬರೀ ನಡೆದಿದ್ದರು. ನಮ್ಮ ಗ್ಯಾಲರಿಗಳಲ್ಲಿ ನೆಟ್ಟ ಕಂಬಗಳು ಧಾರಾಳ. ಓಲಾಟ ತಡೆಯಲು ಕಂಬದಿಂದ ಕಂಬಕ್ಕೆ ಓರೆಯಾಗಿ ಬಿಗಿಯುವ ಓರೆ ಕಟ್ಟುಗಳು ಮಾತ್ರ ಬೆರಳೆಣಿಕೆ.

ಬೆಳಗ್ಗೆ ಖಾಲಿ ಗ್ಯಾಲರಿ ನೋಡಿ ಕೊಟ್ಟ ಸರ್ಟಿಫಿಕೇಟು ರಾತ್ರಿಗೆ ಸಾಲದು. ಜನ ತುಂಬಿದರೆ ಭಾರಕ್ಕೆ ಅದರ ಲಯವೇ ನಿಧಾನವಾಗುತ್ತದೆ. ದಿನ ಕಳೆದಂತೆ ಹಗ್ಗ, ಬೋಲ್ಟು ಸಡಿಲವಾಗುತ್ತವೆ. ದೊಡ್ಡ ಕ್ರೀಡಾಂಗಣಗಳಲ್ಲಿ ಕಂಪನ ಅಳೆಯುವ ಸೆನ್ಸರ್ ಕೂರಿಸಿ ಇದನ್ನು ಗಮನಿಸುತ್ತಾರೆ. ಮೊದಲ ದಿನ ಖಾಲಿ ಇದ್ದಾಗಿನ ಲಯ ಬರೆದಿಟ್ಟು, ದಿನವೂ ಆಟದ ಮೊದಲು ಹೋಲಿಸಿದರೆ ಸಡಿಲವಾದದ್ದು ಗೊತ್ತಾಗುತ್ತದೆ. ಇದಕ್ಕೆ ಕೋಟಿಗಟ್ಟಲೆ ಬೇಡ. ಪೊವ್ವಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಆದೀತು, ಅಲ್ವಾ?

ಇನ್ನು ಡೋಲು ಬಾರಿಸುವ ನಾಸಿಕ್ ಬ್ಯಾಂಡ್, ಡಿಜೆ. ನನಗೂ ಇಷ್ಟವೇ. ಆದರೆ ಸಾವಿರ ಜನರನ್ನು ಒಂದೇ ತಾಳಕ್ಕೆ ಹಾರಿಸುವುದು ಅವೇ. ಆದ್ದರಿಂದ ಒಬ್ಬ ಕಾರ್ಯಕರ್ತ ಗ್ಯಾಲರಿಯ ಕೆಳಗೆ ಕಣ್ಣಿಟ್ಟಿರಲಿ. ಓಲಾಟ ಕಂಡ ಕೂಡಲೇ ವಾದ್ಯ ನಿಲ್ಲಿಸಿ, ಮೈಕಿನಲ್ಲಿ ಜನರನ್ನು ಕೂರಿಸುವ ಅಧಿಕಾರ ಅವನಿಗಿರಲಿ. ಓರೆ ಕಟ್ಟು ಇಲ್ಲದ ಗ್ಯಾಲರಿಗೆ ಪಂಚಾಯತು ಈ ಸೀಸನ್ನಿನಿಂದಲೇ ಅನುಮತಿ ಕೊಡಬಾರದು.

– ಒಬ್ಬ ಕಬಡ್ಡಿ ಅಭಿಮಾನಿ, ಬದಿಯಡ್ಕ