ಸಾಲು ದಾಟಿದ ಕೂಡಲೇ ಮಾಯವಾಗುವ ಗೆರೆ ಮತ್ತು ನಿಮ್ಮ ಸಹಾಯವಾಣಿಯ ಉಪದೇಶ: ಒಂದು ದೂರು

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು,
ಬೆಂಗಳೂರು ಕಚೇರಿ.

ಮಾನ್ಯರೇ,

ಸಂಗೀತದ ಸ್ಕೋರ್ (ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಹಾಳೆ) ಬರೆಯುವ ನಿಮ್ಮ ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತಗೊಂಡವಳು ನಾನು. ಮೈಸೂರಿನಲ್ಲಿದ್ದೇನೆ. ಹಾಡುವ ತಂಡಗಳಿಗೆ, ಪಿಟೀಲು ಚೆಲ್ಲೋ ನುಡಿಸುವ ಗುಂಪುಗಳಿಗೆ ಸ್ಟಾಫ್ ನೊಟೇಷನ್, ಅಂದರೆ ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಬರೆದುಕೊಡೋದು ನನ್ನ ಕೆಲಸ. ನನ್ನ ದೂರಿನ ಸಂಖ್ಯೆ ನಿಮ್ಮ ಹತ್ತಿರ ಇದೆ. ಒಂದಲ್ಲ, ಒಂದು ರಾಶಿ ಇವೆ. ಪ್ರತಿ ಸಲ ಹಳೆಯದನ್ನು 'ಬಗೆಹರಿದಿದೆ' ಎಂದು ಮುಚ್ಚಿ ಹೊಸ ಸಂಖ್ಯೆ ಕೊಡುವವರು ನೀವೇ ಅಲ್ವಾ? ಕನ್ನಡದಲ್ಲೂ ಬರೆಯಬಹುದು ಎಂದು ನಿಮ್ಮ ಜಾಲತಾಣದಲ್ಲಿ ಹಾಕಿದ್ದೀರಿ. ಅದಕ್ಕೆ ಈ ಸಲ ಕನ್ನಡ. ಇಂಗ್ಲಿಷಿನಲ್ಲಿ ಬರೆದದ್ದು ಯಾರಿಗೂ ಅರ್ಥ ಆದ ಹಾಗೆ ಕಾಣಲಿಲ್ಲ.

ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತ ಕೂತಿದ್ದೇನೆ. ನೋಡೋಣ.

ಮೊದಲು ತೊಂದರೆ ಏನು ಅಂತ ಹೇಳುತ್ತೇನೆ. 'ರಿಟ್.' ಎಂದು ಬರೆದು ಮುಂದಕ್ಕೆ ತುಂಡುಗೆರೆ ಎಳೆದರೆ, ಗೆರೆ ಮುಗಿಯುವ ತನಕ ನಿಧಾನ ಮಾಡುತ್ತಾ ಹೋಗಿ ಎಂದರ್ಥ. 'ಕ್ರೆಶ್.' ಬರೆದು ಎಳೆದರೆ ಅಲ್ಲಿಯ ತನಕ ದನಿ ಏರಿಸುತ್ತಾ ಹೋಗಿ ಎಂದು. ನುಡಿಸುವವರಿಗೆ ಆ ಪದ ಎಷ್ಟು ಮುಖ್ಯವೋ ಗೆರೆಯ ಕೊನೆಯೂ ಅಷ್ಟೇ ಮುಖ್ಯ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಗೆರೆಯ ಎರಡು ತುದಿಯೂ ಬೀಟ್‌ಗೆ (ತಾಳದ ಪೆಟ್ಟಿಗೆ) ಅಂಟಿರುತ್ತವೆ, ಕಾಗದದ ಮೇಲಿನ ಜಾಗಕ್ಕಲ್ಲ ಎಂದು ನಿಮ್ಮ ಕೈಪಿಡಿಯಲ್ಲೇ ಚಿತ್ರ ಸಮೇತ ಬರೆದಿದ್ದೀರಿ. ಸಾಲು ಮುರಿದರೆ ಮುಂದಿನ ಸಾಲಿನಲ್ಲಿ ಗೆರೆ ತಾನೇ ಮುಂದುವರಿಯುತ್ತೆ ಎಂದೂ ಅದೇ ಪುಟದಲ್ಲಿದೆ. ಚೆನ್ನಾಗಿದೆ ಆ ಪುಟ. ಪುರುಸೊತ್ತಾದಾಗ ಯಾರಾದರೂ ಓದಿ.

ಹೊಸ ಅಪ್‌ಡೇಟ್ ಹಾಕಿಕೊಂಡ ಮೇಲೆ ಆಗಿದ್ದು ಇದು. ಗೆರೆ ಒಂದೇ ಸಾಲಿನೊಳಗೆ ಎಷ್ಟು ಬಾರ್ (ತಾಳಕ್ಕೆ ತಕ್ಕಂತೆ ಸಾಲನ್ನು ಭಾಗ ಮಾಡುವ ಮನೆ) ದಾಟಿದರೂ ಸರಿಯಾಗಿರುತ್ತೆ. ಸಾಲು ಮುರಿದು ಗೆರೆಯ ಉಳಿದ ಭಾಗ ಕೆಳಗಿನ ಸಾಲಿಗೆ ಹೋಗಬೇಕಾದಾಗ ಮಾತ್ರ ಅದು ಅಲ್ಲಿ ಬರೋದೇ ಇಲ್ಲ. ಪೂರ್ತಿ ಸ್ಕೋರ್ ನೋಡಿದರೆ ಇದು ಗೊತ್ತಾಗಲ್ಲ, ಯಾಕೆಂದರೆ ಅಲ್ಲಿ ಆ ಬಾರ್‌ಗಳೆಲ್ಲ ಒಂದೇ ಸಾಲಿನಲ್ಲಿರುತ್ತವೆ. ಒಬ್ಬೊಬ್ಬರ ಪಾರ್ಟ್, ಅಂದರೆ ಅವರವರು ನುಡಿಸುವಷ್ಟೇ ಇರುವ ಹಾಳೆ, ತೆಗೆದಾಗ ಸಾಲುಗಳು ಬೇರೆ ಕಡೆ ಮುರಿಯುತ್ತವೆ, ಆಗ ಗೊತ್ತಾಗುತ್ತೆ. ಚೆಲ್ಲೋದವರ ಪಾಡು ಇನ್ನೂ ಚೆಂದ. ಅವರಿಗೆ ಆ ಜಾಗದಲ್ಲಿ ಕೆಲವು ಬಾರ್ ಬಿಡುವು. ಬಿಡುವಿನ ಬಾರ್‌ಗಳನ್ನು ಸೇರಿಸಿ, ಮೇಲೆ ಒಂದು ಅಂಕಿ ಹಾಕಿ, ಒಂದೇ ಉದ್ದ ಪಟ್ಟಿ ಮಾಡುತ್ತೀರಲ್ಲ, ಅದರ ನಡುವೆ 'ರಿಟ್.' ಶುರುವಾದರೆ ಪಟ್ಟಿಯನ್ನು ಅಲ್ಲಿಗೆ ಒಡೆಯಬೇಕು. ಲಯ ಬದಲಾಗುವುದು ತಿಳಿಯದೆ ಬಿಡುವು ಎಣಿಸೋಕೆ ಆಗುತ್ತಾ? ನಿಮ್ಮ ಸಾಫ್ಟ್‌ವೇರ್ ಪಟ್ಟಿ ಒಡೆಯಲಿಲ್ಲ. 'ರಿಟ್.' ಅನ್ನೇ ನುಂಗಿಬಿಟ್ಟಿತು.

ಗೆರೆಯ ನಡುವೆ ಒಂದು ಹೊಸ ಬಾರ್ ಸೇರಿಸಿದರೆ ಗೆರೆಯ ಬಾಲ ಹಾರಿ ಹೋಗಿ ಹಾಡಿನ ಕಟ್ಟಕಡೆಯ ಬಾರ್‌ನಲ್ಲಿ ಕೂರುತ್ತೆ. ಪ್ಲೇಬ್ಯಾಕ್ ಒತ್ತಿ ಕೇಳಿದರೆ ಅಲ್ಲಿಂದ ಮುಂದೆ ಹಾಡು ನಿಧಾನ ಆಗುತ್ತಾ ಆಗುತ್ತಾ ತೆವಳುತ್ತೆ. ಕೊನೆಯ ಸ್ವರ ಬರುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು.

ಇಷ್ಟನ್ನೂ ಸುಮ್ನೆ ಹೇಳುತ್ತಿಲ್ಲ. ಒಂದು ಹೊಸ ಫೈಲ್ ಮಾಡಿದೆ. ಒಂದೇ ಪಿಟೀಲು, 8 ಬಾರ್, ಬೇರೇನೂ ಇಲ್ಲ. 3ನೇ ಬಾರ್‌ನಿಂದ 6ನೇ ಬಾರ್ ತನಕ ರಿಟ್. ಎಳೆದು, 4ನೇ ಬಾರ್ ಆದಮೇಲೆ ಸಾಲು ಮುರಿದೆ. ಗೆರೆ ಮಾಯ. ಅದನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ (ಸ್ಕೋರನ್ನು ಅಕ್ಷರದಲ್ಲಿ ಬರೆದಿಡುವ ಫೈಲ್ ಪದ್ಧತಿ) ಆಗಿ ಎಕ್ಸ್‌ಪೋರ್ಟ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿದೆ. ಹೌದು, ಓದಿದೆ. ಅದು ಬರೀ ಅಕ್ಷರ ತಾನೇ? ಆ ಪದ್ಧತಿಯಲ್ಲಿ ತುಂಡುಗೆರೆಗೆ 'ಡ್ಯಾಶಸ್' ಎಂಬ ಗುರುತು ಎರಡು ಸಲ ಬರಬೇಕು: ಶುರುವಾಗುವ ಕಡೆ 'ಸ್ಟಾರ್ಟ್', ಮುಗಿಯುವ ಕಡೆ 'ಸ್ಟಾಪ್'. 3ನೇ ಬಾರ್‌ನಲ್ಲಿ ಸ್ಟಾರ್ಟ್ ಇದೆ. ಸ್ಟಾಪ್ 6ರಲ್ಲಿಲ್ಲ, 8ರಲ್ಲಿಲ್ಲ, ಫೈಲಿನಲ್ಲೇ ಇಲ್ಲ. ಬಟ್ಟೆ ಒಣಹಾಕುವ ಹಗ್ಗವನ್ನು ಒಂದೇ ಗೂಟಕ್ಕೆ ಕಟ್ಟಿ ಕೈಬಿಟ್ಟ ಹಾಗಿದೆ. ಈ ಫೈಲನ್ನೂ, ತಪ್ಪಿರುವ ಜಾಗಕ್ಕೆ ಹಳದಿ ಬಣ್ಣ ಬಳಿದ ಚಿತ್ರವನ್ನೂ ನಿಮಗೆ ಕಳಿಸಿದ್ದೆ. 'ಚಿತ್ರ ಸ್ಪಷ್ಟವಾಗಿಲ್ಲ' ಎಂದು ಉತ್ತರ ಬಂತು.

ಇದನ್ನೇ ಲಿಲಿಪಾಂಡ್‌ನಲ್ಲೂ ಮಾಡಿ ನೋಡಿದೆ. ಅದು ಬಿಟ್ಟಿ ಸಾಫ್ಟ್‌ವೇರ್. 1996ರಿಂದ ಇದೆ. ಮೌಸ್‌ನಲ್ಲಿ ಎಳೆಯೋದೇನೂ ಇಲ್ಲ, ಎಲ್ಲ ಟೈಪ್ ಮಾಡಬೇಕು. ಯಾವ ಸ್ವರದಲ್ಲಿ ಗೆರೆ ಶುರು, ಯಾವ ಸ್ವರದಲ್ಲಿ ಕೊನೆ ಎಂದು ನಾವೇ ಬರೆದು ಹೇಳಬೇಕು. ಸಾಲು ಎಲ್ಲಿ ಮುರಿದರೂ ಗೆರೆಯನ್ನು ಅದೇ ನೋಡಿಕೊಳ್ಳುತ್ತೆ. ಕೊನೆ ಹೇಳದೆ ಬಿಟ್ಟರೆ, ಇಂಥ ಕಡೆ ಗೆರೆ ಮುಗಿದಿಲ್ಲ ನೋಡು ಎಂದು ಎಚ್ಚರಿಸುತ್ತೆ. ಒಂದು ರೂಪಾಯಿ ತಗೊಳ್ಳದೆ ಇಷ್ಟು ಮಾಡುತ್ತೆ. ನೀವು ತಗೊಂಡ ದುಡ್ಡಿಗೆ ಒಂದು ಎಚ್ಚರಿಕೆಯೂ ಸೇರಿರಲಿಲ್ಲವಾ?

ಕ್ರಿಸ್‌ಮಸ್ ಕಾರ್ಯಕ್ರಮದ ತಾಲೀಮಿನಲ್ಲಿ ಏನಾಯಿತು ಅಂತ ಜಾಸ್ತಿ ಹೇಳಲ್ಲ. ಪಾರ್ಟ್‌ಗಳಲ್ಲಿ ಬಿಟ್ಟುಹೋದ ಗೆರೆಗಳನ್ನು ಮೊದಲೇ ಕೈಯಲ್ಲಿ ಒಂದೊಂದಾಗಿ ಸರಿಮಾಡಿ ಇಟ್ಟಿದ್ದೆ. ಪ್ರಿಂಟ್ ಹಾಕುವ ದಿನ ನಿಮ್ಮ ಸಾಫ್ಟ್‌ವೇರ್ ನನ್ನನ್ನು ಕೇಳದೆ ಇನ್ನೊಂದು ಅಪ್‌ಡೇಟ್ ಹಾಕಿಕೊಂಡು, ಪುಟಗಳನ್ನೆಲ್ಲ ಹೊಸದಾಗಿ ಜೋಡಿಸಿ, ನಾನು ಸರಿಮಾಡಿದ್ದನ್ನೆಲ್ಲ ಅಳಿಸಿತು. ತಾಲೀಮಿನಲ್ಲಿ ಪಿಟೀಲಿನವರು ನಿಧಾನ ಮಾಡಿದರು, ವಯೋಲಾದವರು ಸಾಲಿನ ಕೊನೆಯ ತನಕ ಮಾಡಿ ಬಿಟ್ಟರು, ಚೆಲ್ಲೋದವರಿಗೆ ವಿಷಯವೇ ಗೊತ್ತಿಲ್ಲ. ನಡೆಸುತ್ತಿದ್ದವರು ಕೈ ಕೆಳಗಿಳಿಸಿ ನನ್ನ ಕಡೆ ನೋಡಿದರು. ನಿಮ್ಮ ಕಡೆಯವರು ಯಾರೂ ಅಲ್ಲಿರಲಿಲ್ಲವಲ್ಲ.

ಮಾರನೇ ದಿನ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಈ ಮಾತುಕತೆಯನ್ನು ಪೂರ್ತಿ ಬರೆಯುತ್ತೇನೆ. 'ಗುಣಮಟ್ಟದ ಸಲುವಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ' ಎಂದು ಶುರುವಿನಲ್ಲೇ ಹೇಳುತ್ತೀರಿ. ಹಾಗಿದ್ದರೆ ತೆಗೆದು ಕೇಳಿ, ನಾನು ಒಂದು ಮಾತೂ ಸೇರಿಸಿಲ್ಲ ಎಂದು ಗೊತ್ತಾಗುತ್ತೆ.

ಫೋನ್ ಎತ್ತಿದ ಹುಡುಗ ಕೇಳಿದ: "ಮೇಡಂ, ನಿಮಗೆ ಗೆರೆ ಕಾಣಿಸ್ತಿಲ್ಲ, ಅಷ್ಟೇ ತಾನೇ?"

ಅಷ್ಟೇ ಅಲ್ಲ ಎಂದೆ. ಮೇಲೆ ಬರೆದದ್ದನ್ನೆಲ್ಲ ಹೇಳಿದೆ.

"ಝೂಮ್ ಮಾಡಿ ನೋಡಿದ್ರಾ?"

ನೋಡಿದ್ದೆ. ಇಲ್ಲದ ಗೆರೆ ನಾಲ್ಕು ಪಟ್ಟು ದೊಡ್ಡದಾಗಿಯೂ ಇರಲಿಲ್ಲ.

"ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

ಮಾಡಿದೆ. ಅಷ್ಟು ಹೊತ್ತೂ ನಿಮ್ಮ ಫೋನಿನಲ್ಲಿ ಪಿಯಾನೋ ಬರುತ್ತಿತ್ತು. ಆ ತುಣುಕಿನ ಕೊನೆಯಲ್ಲಿ ಒಂದು ಒಳ್ಳೆಯ ರಿಟ್. ಇದೆ. ಅದು ಮುಗಿಯಬೇಕಾದ ಕಡೆ ಮುಗಿಯುತ್ತೆ. ಯಾರ ಸಾಫ್ಟ್‌ವೇರಿನಲ್ಲಿ ಬರೆದರೋ.

ಆಮೇಲೆ ನನ್ನ ಪರದೆಯನ್ನು ಹಂಚಿಕೊಳ್ಳಲು ಹೇಳಿದ. ಹಂಚಿಕೊಂಡೆ. ಬಾಣದ ಗುರುತು ಪರದೆ ಮೇಲೆ ಓಡಾಡಿ ಒಂದು ಕಡೆ ನಿಂತಿತು. "ಇದೇನಾ ಮೇಡಂ ಆ ಗೆರೆ?" ಅದು ಸ್ಲರ್, ಸ್ವರಗಳನ್ನು ಸೇರಿಸಿ ನುಡಿಸಿ ಎನ್ನುವ ಬಾಗಿದ ಗೆರೆ. ಹಾಗಂತ ಹೇಳಿದೆ. "ಹಾಗಾದ್ರೆ ಇದು?" ಅದು ಕ್ರೆಶ್ಚೆಂಡೋದ, ಅಂದರೆ ದನಿ ಏರಿಸುವುದರ, ಕವಲುಗೆರೆ. ಅದೂ ಅಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂ, ಸಿಕ್ತು, ಇದು!" ಎಂದ. ಅದು ಸ್ಟಾಫ್‌ನ ಐದು ಗೆರೆಗಳಲ್ಲಿ ನಡುವಿನದು. ಪುಣ್ಯಕ್ಕೆ ಅದೊಂದು ಇನ್ನೂ ಮಾಯವಾಗಿರಲಿಲ್ಲ.

ಆಗ ಬಂತು ನೋಡಿ ಆ ಪ್ರಶ್ನೆ. "ಮೇಡಂ, ಬೇಜಾರು ಮಾಡ್ಕೋಬೇಡಿ. ಮನೇಲಿ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ದಾರಾ? ಮಗ, ಅಳಿಯ, ಯಾರಾದ್ರೂ?"

ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮಗನಿಗೆ ಕಂಪ್ಯೂಟರ್ ಕಲಿಸಿದವಳೇ ನಾನು, ಅವನಿಗೆ ಟ್ರೆಬಲ್ ಕ್ಲೆಫ್‌ಗೂ ಬಾಸ್ ಕ್ಲೆಫ್‌ಗೂ ವ್ಯತ್ಯಾಸ ಗೊತ್ತಿಲ್ಲ, ದಯವಿಟ್ಟು ನಿಮ್ಮ ಮೇಲಿನವರಿಗೆ ಕೊಡಿ ಎಂದೆ. ಮತ್ತೆ ಪಿಯಾನೋ.

ಮೇಲಿನವರು ಬಂದರು. ತುಂಬಾ ವಿಶ್ವಾಸದ ದನಿ. "ಮೇಡಂ, ಇದಕ್ಕೆಲ್ಲ ಯಾಕೆ ಅಷ್ಟು ತಲೆ ಕೆಡಿಸ್ಕೋತೀರಾ? ಸಿಂಪಲ್ ಐಡಿಯಾ ಹೇಳ್ತೀನಿ. ರಿಟ್ ಅಂತ ಟೈಪ್ ಮಾಡಿ. ಮೈನಸ್ ಒತ್ತಿ. ಸ್ಪೇಸ್ ಒತ್ತಿ. ಮತ್ತೆ ಮೈನಸ್. ಮತ್ತೆ ಸ್ಪೇಸ್. ಎಷ್ಟು ದೂರ ಬೇಕೋ ಅಷ್ಟು."

"ಮುಂದಿನ ಸಾಲಿಗೆ?"

"ಅಲ್ಲಿ ಇನ್ನೊಂದ್ಸಲ ಟೈಪ್ ಮಾಡಿ."

"ಬಾರ್‌ನ ಅಗಲ ಬದಲಾದರೆ?"

"ಇನ್ನೆರಡು ಮೈನಸ್ ಸೇರ್ಸಿ ಮೇಡಂ, ಅದಕ್ಕೇನಂತೆ!"

"ಪ್ಲೇಬ್ಯಾಕ್?"

"ಅದನ್ನ ಯಾರು ಕೇಳ್ತಾರೆ?" ಎಂದು ನಕ್ಕರು. ನಕ್ಕಮೇಲೆ ಇನ್ನೊಂದು ಮಾತು ಸೇರಿಸಿದರು. "ಅಷ್ಟಕ್ಕೂ ಮೈಸೂರಲ್ಲಿ ಇದನ್ನೆಲ್ಲ ನುಡಿಸೋರು ಯಾರಿದ್ದಾರೆ ಮೇಡಂ? ನಮ್ಮ ಸರಿಗಮದಲ್ಲಿ ಈ ರಗಳೆ ಇಲ್ವಲ್ಲ."

ಅವರಿಗೆ ಆಗ ಉತ್ತರ ಕೊಡಲಿಲ್ಲ, ನಿಮಗೆ ಕೊಡುತ್ತೇನೆ. ಮೈಸೂರಿನ ಜಯಚಾಮರಾಜ ಒಡೆಯರ್ 1940ರ ದಶಕದಲ್ಲಿ, ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ರೆಕಾರ್ಡಿಂಗ್‌ಗೆ ದುಡ್ಡು ಕೊಟ್ಟವರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದರು. ಈ ಊರಿನ ಪೊಲೀಸ್ ಬ್ಯಾಂಡ್‌ನಲ್ಲಿ ಕರ್ನಾಟಕ ವಾದ್ಯವೃಂದದ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇದೆ. ನುಡಿಸೋರು ಯಾರು ಎಂದು ಕೇಳಿದಿರಲ್ಲ, ದಸರಾಕ್ಕೆ ಬನ್ನಿ, ಕಣ್ಣಾರೆ ನೋಡಬಹುದು. ಅದೆಲ್ಲ ಬಿಡಿ. ನಾನು ಒಬ್ಬಳೇ ಮನೆಯಲ್ಲಿ ಕೂತು ನನಗೋಸ್ಕರವೇ ಬರೆದುಕೊಂಡರೂ, ಮಾರಿದ ವಸ್ತು ಕೆಲಸ ಮಾಡಬೇಕು. ನನ್ನ ಊರು ಕೇಳಿ ನೀವು ಬೆಲೆ ಕಡಿಮೆ ಮಾಡಿರಲಿಲ್ಲ.

ಆ ಸಂಜೆಯೇ ನಿಮ್ಮ ಮೇಲ್ ಬಂತು. 'ಬಗೆಹರಿದಿದೆ. ಕಾರಣ: ಬಳಕೆದಾರರಿಗೆ ತರಬೇತಿಯ ಅಗತ್ಯವಿದೆ.' ಕೆಳಗೆ ತರಬೇತಿಯ ದರಪಟ್ಟಿ. ಜಿಎಸ್‌ಟಿ ಬೇರೆ. ಮೈನಸ್ ಕೀ ಒತ್ತುವುದನ್ನು ಮೊದಲ ಪಾಠದಲ್ಲೇ ಹೇಳಿಕೊಡುತ್ತೀರೋ, ಅದಕ್ಕೆ ಮುಂದಿನ ಹಂತದ ಕೋರ್ಸ್ ಸೇರಬೇಕೋ?

ನಿಮ್ಮ ಮಾರಾಟದ ಷರತ್ತುಗಳಲ್ಲಿ ದುಡ್ಡು ವಾಪಸ್ ಮಾಡುವ ಬಗ್ಗೆ ಏನಿದೆ ಎಂದು ನಾನು ಇಲ್ಲಿ ಮತ್ತೆ ಬರೆಯಲ್ಲ. ಬರೆದವರು ನೀವು, ನಿಮಗೆ ಗೊತ್ತು. ಹಳೆಯ ಆವೃತ್ತಿಗೆ ಮರಳುವ ದಾರಿ ಕೊಡುತ್ತೇವೆ ಎಂದೂ ಅಲ್ಲೇ ಇದೆ. ಅದನ್ನು ಕೇಳಿದಾಗ 'ಆ ಕೊಂಡಿ ಈಗ ಇಲ್ಲ' ಎಂದರು. ಅದೂ ಸಾಲು ದಾಟಿ ಹೋಯಿತೋ ಏನೋ.

ನನಗೆ ಬೇಕಾದದ್ದು ಸರಿಯಾದ ಸಾಫ್ಟ್‌ವೇರ್, ಅಥವಾ ನನ್ನ ದುಡ್ಡು. ಜೊತೆಗೆ 'ತರಬೇತಿಯ ಅಗತ್ಯವಿದೆ' ಎಂಬ ಆ ಸಾಲನ್ನು ನನ್ನ ಖಾತೆಯಿಂದ ಅಳಿಸಬೇಕು. ಇದಕ್ಕೆ ಈ ಪತ್ರ ತಲುಪಿದ ದಿನದಿಂದ 15 ದಿನ ಸಮಯ.

ಆಮೇಲೆ ನಿಮ್ಮ ಜೊತೆ ಮಾತಿಲ್ಲ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ. ಅಲ್ಲಿಂದ ಮೈಸೂರು ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ. ಕಚೇರಿ ಬೆಂಗಳೂರಿನಲ್ಲಿದೆ, ಅಲ್ಲಿಗೇ ಬನ್ನಿ ಎನ್ನಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು. 'ಇದು ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ' ಎಂಬ ವಾದವನ್ನೂ ನಿಮ್ಮ ವಕೀಲರು ತರಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಗ್ರಾಹಕರೇ ಎಂದು ಅದೇ ಕಾಯ್ದೆಯ ವಿವರಣೆಯಲ್ಲಿದೆ. ಅವರಿಗೆ ಈಗಲೇ ತೋರಿಸಿಡಿ, ಆಮೇಲೆ ಗಾಬರಿ ಬೇಡ. ನನ್ನ ಮೊತ್ತಕ್ಕೆ ಆಯೋಗದಲ್ಲಿ ಶುಲ್ಕವೂ ಇಲ್ಲ. ದುಡ್ಡಿನ ಜೊತೆ ಹಾಳಾದ ಕೆಲಸಕ್ಕೂ ಪರಿಹಾರ ಕೇಳುತ್ತೇನೆ, ಆ ಫೋನ್ ಕರೆಯ ರೆಕಾರ್ಡನ್ನೂ ತರಿಸಿ ಎಂದು ಕೇಳುತ್ತೇನೆ. "ಇದೇನಾ ಮೇಡಂ ಆ ಗೆರೆ?" ಎಂಬುದನ್ನು ಆಯೋಗದವರೂ ಒಮ್ಮೆ ಕೇಳಲಿ.

8 ಬಾರ್‌ನ ಆ ಫೈಲನ್ನು ಪರಿಚಯದ ಸಂಗೀತ ಶಾಲೆಗಳಿಗೂ ತಂಡಗಳಿಗೂ ಕಳಿಸಲು ತಯಾರು ಮಾಡಿದ್ದೇನೆ. ಅದರಲ್ಲಿ ಬೈಗುಳ ಏನೂ ಇಲ್ಲ. ತೆರೆದು ಪ್ಲೇ ಒತ್ತಿದರೆ ಸಾಕು.

ಉತ್ತರ ಬರಹದಲ್ಲೇ ಇರಲಿ. ಫೋನ್ ಮಾಡಬೇಡಿ.

ಇಂತಿ,
ನಿಮ್ಮ ಪಟ್ಟಿಯಲ್ಲಿ ತರಬೇತಿ ಬೇಕಾದ ಬಳಕೆದಾರಳು,
ಮೈಸೂರು